ಕಪ್ಪೆಗೆ ಕಟ್ಟಿದ ಕ್ಲಾಂಪು

ಆ ಕಾರಿಗೆ ಕಪ್ಪೆ ಎಂದು ಹೆಸರಿಟ್ಟವರು ಎದುರು ಬೀದಿಯ ಡ್ರೈವಿಂಗ್ ಸ್ಕೂಲಿನವರು. ಹೊಟ್ಟೆಕಿಚ್ಚಿಗೆ ಇಟ್ಟ ಹೆಸರು ಎಂದು, ಅದರಲ್ಲೇ ಡ್ರೈವಿಂಗ್ ಕಲಿಸುತ್ತಿದ್ದ ಮೇಷ್ಟ್ರು ಮೂಗು ಮುರಿಯುತ್ತಿದ್ದರು. ಹೊಟ್ಟೆಕಿಚ್ಚು ಇತ್ತೋ ಇಲ್ಲವೋ, ಕಾರು ಕುಪ್ಪಳಿಸುತ್ತಿದ್ದುದಂತೂ ನಿಜ. ಹಳೆಯ ಕಾಲದ ಗಾಡಿ. ಎಂಜಿನ್ ಮುಂದೆ, ದೂಡುವ ಕೆಲಸವೆಲ್ಲ ಹಿಂದಿನ ಚಕ್ರಗಳದ್ದು. ಲಾರಿಗೆ ಇರುವ ಹಾಗೆ ಹಿಂದುಗಡೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು, ಗ್ಯಾರೇಜಿನವರು ಪಾಟಾ ಅನ್ನುತ್ತಾರಲ್ಲ, ಅದು. ಕಲಿಯುವವರ ಕಾಲು ಕ್ಲಚ್ಚಿನ ಮೇಲಿಂದ ತಟ್ಟನೆ ಜಾರಿತೆಂದರೆ ಹಿಂದಿನ ಚಕ್ರಗಳು ದಡಬಡ ನೆಲ ಗುದ್ದಿ, ಕಾರು ಕುಂಡಿ ಎತ್ತೆತ್ತಿ ಹಾರಿ, ಆಮೇಲೆ ಓಡಲು ಮನಸ್ಸು ಮಾಡುತ್ತಿತ್ತು.

ಅದು ಕಾರಿನ ದೋಷವಲ್ಲ, ಕಾಲಿನ ದೋಷ ಎಂಬುದು ಮೇಷ್ಟ್ರ ಸಿದ್ಧಾಂತ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಡಗಡೆಯ ಸೀಟಿನಲ್ಲಿ ಗೊಣಗುತ್ತ, ತಮ್ಮ ಕಾಲಡಿಯ ಕ್ಲಚ್ಚನ್ನು ತಾವೇ ಒತ್ತಿ ಕಾರನ್ನು ಸಮಾಧಾನ ಮಾಡುತ್ತಿದ್ದರು. ಕಲಿಸುವ ಕಾರಲ್ಲವೇ, ಓಡಿಸುವವರಿಗೆ ಇರುವ ಹಾಗೆ ಕಲಿಸುವವರಿಗೂ ಒಂದು ಕ್ಲಚ್ಚು, ಒಂದು ಬ್ರೇಕು. ನಡುವೆ ಸರಳು ಹಾಕಿ ಜೋಡಿಸಿರುತ್ತಾರೆ. ಎಡಗಡೆ ತುಳಿದರೆ ಬಲಗಡೆಯದೂ ತಗ್ಗುತ್ತದೆ. ಆ ಪೆಡಲುಗಳ ಮೇಲೆ ಮೇಷ್ಟ್ರ ಅರ್ಧ ಆಯುಸ್ಸು ಸವೆದಿತ್ತು. ಮಂಡಿಯೂ ಸವೆದಿತ್ತು. ಇನ್ನು ತುಳಿಯುವ ಕೆಲಸ ಸಾಕು, ಇಲ್ಲದಿದ್ದರೆ ನಡೆಯುವ ಕೆಲಸವೂ ನಿಲ್ಲುತ್ತದೆ ಎಂದು ಮೂಳೆ ಡಾಕ್ಟರು ಹೇಳಿ ಕಳಿಸಿದ್ದರು.

ಮೇಷ್ಟ್ರಿಗೆ ಅದರ ಚಿಂತೆ ಇರಲಿಲ್ಲ. ಹೆಂಡತಿಯ ತಮ್ಮ ಮನೆಯಲ್ಲೇ ಇದ್ದ. ಸ್ನೇಹಿತರ ಬಾಯಲ್ಲಿ ಅವನು ರಾಕೆಟ್ಟು. ಕಾರು ತೊಳೆಯುವುದು, ಎಣ್ಣೆ ಬದಲಾಯಿಸುವುದು, ಕಲಿತವರನ್ನು ಪರೀಕ್ಷೆಗೆ ಕರೆದೊಯ್ಯುವುದು ಅವನ ಕೆಲಸ. ತಮ್ಮ ಸೀಟಿಗೆ ಅವನೇ ಎಂದು ಮೇಷ್ಟ್ರು ಮನಸ್ಸಿನಲ್ಲೇ ಪಟ್ಟಾಭಿಷೇಕ ಮುಗಿಸಿದ್ದರು. ಪಟ್ಟ ಏರಬೇಕಾದವನಿಗೆ ಮಾತ್ರ ಹೇಳಿರಲಿಲ್ಲ.

ಪಟ್ಟ ಏರಬೇಕಾದವನ ತಲೆಯಲ್ಲಿ ಬೇರೆಯೇ ಮೆರವಣಿಗೆ. ಊರಾಚೆ ಮುಚ್ಚಿಹೋದ ಕಾರ್ಖಾನೆಯೊಳಗೆ ಉದ್ದಕ್ಕೆ ಒಂದು ಕಾಂಕ್ರೀಟು ರಸ್ತೆ. ಭಾನುವಾರ ಬೆಳಿಗ್ಗೆ ಅಲ್ಲಿ ಕಾರುಗಳು ಎರಡೆರಡಾಗಿ ನಿಂತು, ಬಾವುಟ ಬಿದ್ದೊಡನೆ ದೂರದ ಕಂಬದ ತನಕ ನೇರ ಓಡುತ್ತವೆ. ತಿರುವಿಲ್ಲ, ಏರಿಲ್ಲ.

"ತಿರುವೇ ಇಲ್ಲದ ರಸ್ತೇಲಿ ಯಾರು ಬೇಕಾದ್ರೂ ಓಡಿಸ್ತಾರೆ. ನಮ್ಮ ಟೈಲರಮ್ಮನೂ ಓಡಿಸ್ತಾರೆ" ಅಂದರು ಮೇಷ್ಟ್ರು. ಟೈಲರಮ್ಮ ಎಂದರೆ ಆ ತಿಂಗಳು ಕಲಿಯಲು ಬರುತ್ತಿದ್ದ ಹೆಂಗಸು. ಹೊಲಿಗೆ ಯಂತ್ರ ತುಳಿದ ಅಭ್ಯಾಸಕ್ಕೆ ಕ್ಲಚ್ಚನ್ನೂ ಹಾಗೇ ತುಳಿಯುತ್ತಿದ್ದಳು.

"ಓಡಿಸೋದರಲ್ಲಿ ಏನಿಲ್ಲ ಭಾವ. ಹೊರಡೋದರಲ್ಲೇ ಇರೋದು ಎಲ್ಲ."

"ಹೊರಡೋದನ್ನ ಊರಿಗೆಲ್ಲ ಕಲಿಸ್ತಾ ಇರೋನು ನಾನು. ನನಗೇ ಪಾಠ ಹೇಳ್ತೀಯ?"

"ನೀವು ಮೆಲ್ಲಗೆ ಹೊರಡೋದನ್ನ ಕಲಿಸ್ತೀರಿ."

"ಮತ್ತಿನ್ನೇನು, ಓಡಿಹೋಗೋದನ್ನ ಕಲಿಸ್ಲಾ?"

ಕಪ್ಪೆಯನ್ನು ಆ ಓಟಕ್ಕೆ ಸಿದ್ಧಮಾಡಲು ರಾಕೆಟ್ಟು ಮೊದಲು ಹೋದದ್ದು ಸ್ಟಿಕರ್ ಅಂಗಡಿಗೆ. ಕಾರಿನ ಗಾಜಿಗೆ ಹುಲಿಮುಖ, ಬೆಂಕಿನಾಲಿಗೆ ಅಂಟಿಸುವ ಆ ಮನುಷ್ಯ ಅಂಟು ಒಣಗುವಷ್ಟರಲ್ಲಿ ಯಾವ ಶಾಸ್ತ್ರದ ಮೇಲಾದರೂ ಭಾಷಣ ಮಾಡಬಲ್ಲ ಪಂಡಿತ. ಹಿಂದೆ ಎತ್ತರವಾದರೆ ಗಾಡಿ ತಾನಾಗಿ ಮುಂದೆ ನುಗ್ಗುತ್ತದೆ ಎಂದು ಅವನು ಹೇಳಿದ, ಇವನು ನಂಬಿದ. ಪಾಟಾದ ಹಿಂದಿನ ಕೊಂಡಿಗೆ ಉದ್ದದ ಪಟ್ಟಿ, ತುಟಿಗೆ ಬಣ್ಣ ಬಳಿದ ಹಾಗೆ ಕೆಂಪಗಿದ್ದ ಶಾಕ್ ಅಬ್ಸಾರ್ಬರು, ಮಡ್‌ಗಾರ್ಡಿನಿಂದ ಹೊಟ್ಟೆ ಹೊರಚಾಚುವ ದಪ್ಪ ಟೈರು. ಎಲ್ಲ ಹಾಕಿ ಮನೆಮುಂದೆ ತಂದು ನಿಲ್ಲಿಸಿದಾಗ ಅವನ ಅಕ್ಕ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನೋಡಿದಳು.

"ಮೊಟ್ಟೆ ಇಡೋಕೆ ಜಾಗ ಹುಡುಕೋ ಕೋಳಿ ಥರ ಇದೆಯಲ್ಲೋ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದರು ಮೇಷ್ಟ್ರು. "ಇನ್ನು ಒಂದು ಕನ್ನಡಿ ಕೊಡಿಸು, ನೋಡ್ಕೊಳ್ಳಲಿ."

ಮರುದಿನ ಟೈಲರಮ್ಮ ಕ್ಲಚ್ಚು ಬಿಟ್ಟಳು. ಕಾರು ಹಿಂದೆಂದೂ ಹಾರದಷ್ಟು ಹಾರಿತು. ಅವಳು ನಾಲಿಗೆ ಕಚ್ಚಿಕೊಂಡು ಆ ವಾರವಿಡೀ ಬಿಸಿ ಟೀ ಮುಟ್ಟಲಿಲ್ಲ. ಎದುರು ಸ್ಕೂಲಿನವರು ಬಾಗಿಲಿಗೆ ಬಂದು ನಿಂತು ನೋಡಿದರು. ಕಪ್ಪೆಗೆ ಮಳೆಗಾಲ ಬಂದಿದೆ ಎಂದು ಯಾರೋ ಅಂದದ್ದು ಮೇಷ್ಟ್ರ ಕಿವಿಗೂ ಬಿತ್ತು. ಮನೆಗೆ ಬಂದವರು ಭಾಮೈದನ ಎದುರೇ ಕಾರನ್ನು ಒಂದು ಸುತ್ತು ಹಾಕಿ ಕೆಂಪು ಶಾಕ್ ಅಬ್ಸಾರ್ಬರಿಗೆ ಕೈ ಮುಗಿದು ಒಳಗೆ ಹೋದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಂದು ಸಂಜೆಯೇ ಎಲ್ಲ ಬಿಚ್ಚಿ ಪಂಡಿತನ ಅಂಗಡಿಗೆ ವಾಪಸು ಹಾಕಿದ.

ಆಮೇಲೆ ಅವನು ಯಾರ ಮಾತನ್ನೂ ಕೇಳಲಿಲ್ಲ; ಕಾರನ್ನೇ ಕೇಳಿದ. ಫೋನನ್ನು ಕಾರಿನ ಹೊಟ್ಟೆಗೆ ಟೇಪು ಸುತ್ತಿ ಕಟ್ಟಿ, ಕ್ಯಾಮೆರಾ ಹಿಂದಿನ ಪಾಟಾದ ಕಡೆ ನೋಡುವಂತೆ ಮಾಡಿ, ಖಾಲಿ ಮೈದಾನದಲ್ಲಿ ಬೇಕೆಂದೇ ಕ್ಲಚ್ಚು ಬಿಟ್ಟು ಹಾರಿಸಿದ. ಟೀ ಕುಡಿಯುವಾಗ ಆ ವಿಡಿಯೋವನ್ನು ಭಾವನ ಮುಂದೆ ಹಿಡಿದ.

ನಿಧಾನವಾಗಿ ಓಡಿಸಿದರೆ ಎಲ್ಲ ಕಾಣುತ್ತಿತ್ತು. ಚಕ್ರಕ್ಕೆ ಎಳೆತ ಸಿಕ್ಕ ಕ್ಷಣ, ಎರಡು ಚಕ್ರಗಳ ನಡುವಿನ ಆಕ್ಸಲ್ಲು ತಿರುಚಿಕೊಂಡು ಮೂತಿ ಮೇಲೆತ್ತುತ್ತದೆ. ಅದಕ್ಕೆ ಕಟ್ಟಿದ ಪಾಟಾದ ಮುಂದಿನ ಅರ್ಧ ಹಾವಿನಂತೆ ಡೊಂಕಾಗುತ್ತದೆ. ಇನ್ನು ಬಾಗಲಾರೆ ಎಂಬಲ್ಲಿ ಫಟ್ಟನೆ ನೆಟ್ಟಗಾಗುತ್ತದೆ. ಆ ಏಟಿಗೆ ಟೈರು ನೆಲ ಬಿಡುತ್ತದೆ. ನೆಲ ಸಿಕ್ಕಿತೋ ಮತ್ತೆ ಡೊಂಕು.

"ನೋಡಿ ಭಾವ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಎಂಜಿನ್ ಶಕ್ತಿಯೆಲ್ಲ ಪಾಟಾನ ಬಗ್ಗಿಸೋಕೇ ಹೋಗ್ತಾ ಇದೆ."

ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ನೋಡಿದರು. "ಕ್ಲಚ್ಚು ಮೆಲ್ಲಗೆ ಬಿಟ್ಟಿದ್ರೆ ಬಗ್ತಿತ್ತಾ?"

"ಇಲ್ಲ."

"ಮತ್ತೆ? ಕಾಲಿನ ದೋಷ."

"ರೀ, ಇರೋದನ್ನ ಇದೆ ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ" ಎಂದಳು ಹೆಂಡತಿ. ಅವಳು ಮುಂದಿನ ಕೋಣೆಯಲ್ಲಿ ಕಲಿಯುವವರಿಗೆ ರಸ್ತೆ ಚಿಹ್ನೆಗಳನ್ನು ಹೇಳಿಕೊಡುತ್ತಿದ್ದಳು. ಕಾರು ಓಡಿಸಲು ಗಂಡನಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಆದರೂ ಮೇಷ್ಟ್ರು ಅವಳಿಗೆ ಕಾರಿನಲ್ಲಿ ಕಲಿಸಲು ಬಿಟ್ಟವರಲ್ಲ. ನಿನಗೆ ಕೋಪ ಬರುವುದಿಲ್ಲ, ಕೋಪ ಬಾರದವರಿಂದ ಕಲಿಸಲಾಗದು ಎಂಬುದು ಅವರು ಕೊಟ್ಟ ಕಾರಣ.

ಈ ಸಲ ರಾಕೆಟ್ಟು ಹೋದದ್ದು ಗುಜರಿ ಅಂಗಡಿಗೆ. ಯಾರದೋ ಮುರಿದ ಗೇಟಿನ ದಪ್ಪ ಚೌಕ ಪೈಪು ಸಿಕ್ಕಿತು. ಪಾಟಾದ ಮುಂದಿನ ಅರ್ಧಕ್ಕೆ ಮಾತ್ರ ಕ್ಲಾಂಪು ಹಾಕಿ ಪಟ್ಟಿಗಳೆಲ್ಲ ಒಂದೇ ಮೈ ಆಗುವಂತೆ ಬಿಗಿದ. ಹಿಂದಿನ ಅರ್ಧವನ್ನು ಹಾಗೇ ಬಿಟ್ಟ, ಇಲ್ಲದಿದ್ದರೆ ಗುಂಡಿಗೆ ಬಿದ್ದಾಗ ಕೂತವರ ಸೊಂಟ ಉಳಿಯದು. ಆಕ್ಸಲ್ಲಿನ ಕೆಳಗಿಂದ ಮುಂದಕ್ಕೆ ಎರಡೂ ಕಡೆ ಒಂದೊಂದು ಪೈಪು ಚಾಚಿ, ತುದಿಗೆ ಲಾರಿಯ ರಬ್ಬರು ತುಂಡು ಕೂರಿಸಿದ. ಆಕ್ಸಲ್ಲು ಮೂತಿ ಎತ್ತಲು ಹೋದರೆ ರಬ್ಬರು ಮೇಲಿನ ಪಾಟಾದ ತುದಿಗೆ ಒತ್ತಿ ನಿಂತು, ಸಾಕು ಕೂತ್ಕೋ ಅನ್ನಬೇಕು. ಎರಡರ ನಡುವೆ ಬೆರಳು ಹೋಗುವಷ್ಟೇ ಸಂದು. ತೂತು ದೊಡ್ಡದಾಗಿ ಲಟಲಟ ಅನ್ನುತ್ತಿದ್ದ, ಪಾಟಾದ ತುದಿಯ ಹಳೆಯ ರಬ್ಬರು ಬುಷ್ಷುಗಳನ್ನು ತೆಗೆದು ಹೊಸದು ಹಾಕಿದ. ಶಾಕ್ ಅಬ್ಸಾರ್ಬರು ಸಾದಾ ಕಪ್ಪಿನವು. ನೋಡಿದರೆ ಏನೂ ಮಾಡಿದ ಹಾಗೆ ಕಾಣುತ್ತಿರಲಿಲ್ಲ. ಪೈಪಿನ ಒಂದು ಕಡೆ ಗೇಟಿನ ಹಸಿರು ಬಣ್ಣ ಇನ್ನೂ ಹಾಗೇ ಇತ್ತು.

ಮೇಷ್ಟ್ರು ಬಗ್ಗಿ ನೋಡಿದರು. "ಮನೆಗೇಟು ಕಾರಿಗೆ ಹಾಕಿದ್ದೀಯ. ಇನ್ನು ನಾಯಿ ಕಟ್ಟೋದೊಂದು ಬಾಕಿ."

ಟೈಲರಮ್ಮ ಎಂದಿನಂತೆ ಹೊಲಿಗೆ ಯಂತ್ರ ತುಳಿದ ಹಾಗೆ ತುಳಿದಳು. ಕಾರು ಹಾರಲಿಲ್ಲ. ಹಿಂಭಾಗ ತುಸು ಕೂತು, ಸರಕ್ಕನೆ ಹೊರಟಿತು. ಅವಳೇ ಬೆರಗಾಗಿ ಮೇಷ್ಟ್ರ ಮುಖ ನೋಡಿದಳು.

"ಈಗ ನೋಡಿ, ನಿಮ್ಮ ಕಾಲು ಒಂದು ಹದಕ್ಕೆ ಬಂತು" ಎಂದರು ಮೇಷ್ಟ್ರು.

ಸುದ್ದಿ ದೊಡ್ಡ ಗ್ಯಾರೇಜಿನ ಯಜಮಾನನಿಗೆ ಮುಟ್ಟಿತು. ಓಟದ ಕಾರುಗಳನ್ನೇ ತಯಾರು ಮಾಡುವವನು. ಕೆಲಸ ಕೊಡಿ ಎಂದು ರಾಕೆಟ್ಟು ಅವನ ಬಾಗಿಲಿಗೆ ಎಷ್ಟು ಸಲ ಹೋಗಿದ್ದನೋ. ಈ ಸಲ ಅವನೇ ಹೇಳಿ ಕಳಿಸಿದ. ಭಾನುವಾರ ಬಾ, ಗೇಟಿನ ಪೈಪು ಕಟ್ಟಿಕೊಂಡು ಹೇಗೆ ಹೊರಡುತ್ತೀಯೋ ನೋಡುತ್ತೇನೆ. ನೆಟ್ಟಗೆ ಹೊರಟರೆ ಸೋಮವಾರದಿಂದ ನನ್ನ ಹತ್ತಿರ ಕೆಲಸ. ಕುಪ್ಪಳಿಸಿದರೆ ಮತ್ತೆ ನನ್ನ ಬಾಗಿಲು ತಟ್ಟಬೇಡ.

ಹೆಂಡತಿ ಇದನ್ನು ಹೇಳಿದಾಗ ಮೇಷ್ಟ್ರು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಕೈ ನಿಂತಿತು. ಪಟ್ಟಾಭಿಷೇಕದ ಚಪ್ಪರ ತಲೆಯೊಳಗೇ ಕುಸಿಯಿತು. ಅವನು ಹೋದರೆ ಆ ಸೀಟಿಗೆ ಯಾರು? ಸಂಬಳಕ್ಕೆ ಬಂದವರು ನಿಲ್ಲುವುದಿಲ್ಲ. ಸೀಟು ಖಾಲಿಯಾದರೆ ಸ್ಕೂಲಿಗೆ ಬೀಗ. ಇರು ಎಂದು ಕೇಳಬಹುದಿತ್ತು, ಆದರೆ ಭಾವನಾದವನು ಭಾಮೈದನ ಮುಂದೆ ಹಲ್ಲು ಗಿಂಜುವುದೇ?

"ಹೋಗಲಿ, ನನ್ನದೇನು ಅಡ್ಡಿ. ಆದ್ರೆ ನಾನಿಲ್ಲದೆ ಕಾರು ಗೇಟು ದಾಟಲ್ಲ. ಸ್ಕೂಲಿನ ಕಾರು ಅದು."

"ಬನ್ನಿ ಭಾವ" ಎಂದ ರಾಕೆಟ್ಟು ಬಾಗಿಲಾಚೆಯಿಂದ. "ಒಬ್ಬರನ್ನ ಕೂರಿಸ್ಕೋಬಹುದು."

ಭಾನುವಾರ ಕಾರ್ಖಾನೆಯ ರಸ್ತೆಯ ಇಕ್ಕೆಲದಲ್ಲೂ ಜನ. ಸ್ಟಿಕರ್ ಪಂಡಿತ ಬಂದಿದ್ದ, ಎದುರು ಸ್ಕೂಲಿನವರೂ ಬಂದಿದ್ದರು. ಕಪ್ಪೆಯ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹಾಗೇ ಇತ್ತು. ಅದನ್ನು ಕಂಡು ನಗದವರೇ ಇಲ್ಲ. ಪಕ್ಕದಲ್ಲಿ ಒಂದು ಬಿಳಿ ಕಾರು, ಮುಟ್ಟಿದರೆ ಮಾಸುವ ಹಾಗಿತ್ತು. ಯಜಮಾನ ಹೊರಡುವ ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದ. ಅವನಿಗೆ ದೂರದ ಕಂಬ ಬೇಕಿರಲಿಲ್ಲ, ಹೊರಡುವುದನ್ನಷ್ಟೇ ನೋಡುವವನು.

ರಾಕೆಟ್ಟು ಎಂಜಿನ್ ಏರಿಸಿದ. ಮೇಷ್ಟ್ರ ಮೈ ಜುಂ ಎಂದಿತು. ಇಷ್ಟು ಕೂಗುವ ಎಂಜಿನ್ನನ್ನು ಅವರು ಕೇಳಿದ್ದು ಕಲಿಯುವವರು ಹೆದರಿ ಆಕ್ಸಿಲರೇಟರ್ ಮೇಲೆ ನಿಂತುಬಿಟ್ಟಾಗ ಮಾತ್ರ. ಆಗೆಲ್ಲ ಮುಂದಿನ ಗೋಡೆ, ಚರಂಡಿ, ಶಾಲೆಯ ಮಕ್ಕಳು ಹತ್ತಿರವಾಗುತ್ತಿದ್ದವು. ಬಾವುಟ ಬಿತ್ತು. ಕಾರಿನ ಹಿಂಭಾಗ ಭೂಮಿಗೆ ಕಚ್ಚಿಕೊಂಡಿತು, ಬೆನ್ನನ್ನು ಯಾರೋ ಅಂಗೈಯಿಂದ ದೂಡಿದ ಹಾಗಾಯಿತು. ಮರುಕ್ಷಣ ಎಂಜಿನ್ ಕಿರುಚಿತು, ಕಾರು ಸೊರಗಿತು, ಮತ್ತೆ ಧಡ್ ಎಂದು ಒದೆ ತಿಂದ ಹಾಗೆ ಎರಡು ಸಲ ಹಾರಿ ನಿಂತೇಬಿಟ್ಟಿತು. ಬಿಳಿ ಕಾರು ಕಂಬದ ಹತ್ತಿರ ಇತ್ತು.

ಹಿಂದಿನಿಂದ ನಗೆ ಎದ್ದಿತು. ಕಪ್ಪೆ ಕಪ್ಪೆಯೇ ಎಂದು ಯಾರೋ ಕೂಗಿದರು.

ಮೇಷ್ಟ್ರು ಕೆಳಗೆ ನೋಡಿದರು. ಅವರ ಎಡಗಾಲು ಕ್ಲಚ್ಚಿನ ಮೇಲಿತ್ತು.

ಯಾವಾಗ ಹೋಗಿತ್ತು, ಯಾರು ಕಳಿಸಿದ್ದರು, ಅವರಿಗೇ ಗೊತ್ತಿಲ್ಲ. ಅಷ್ಟೊಂದು ಜನರ ಪ್ರಾಣ ಉಳಿಸಿದ ಕಾಲು, ಇಂದೂ ಉಳಿಸಲು ಹೋಗಿತ್ತು. ಒತ್ತಿ, ಬಿಟ್ಟಿತ್ತು. ಎಂಜಿನ್ ಕಿರುಚುವಾಗ ತಟ್ಟನೆ ಬಿಟ್ಟದ್ದಕ್ಕೇ, ಪೈಪಿದ್ದೂ ಕಾರು ಹಾರಿದ್ದು. ಮೆಲ್ಲಗೆ ಕಾಲನ್ನು ಹಿಂದಕ್ಕೆಳೆದುಕೊಂಡರು. ರಾಕೆಟ್ಟು ನೋಡಿರಲಿಲ್ಲ. ಅವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತಿದ್ದ.

ಎಲ್ಲರೂ ಬಂದು ಸುತ್ತ ನಿಂತರು. ಯಜಮಾನ ಬಗ್ಗಿ ಪೈಪು ನೋಡಿ ಸೊಂಟ ನೆಟ್ಟಗೆ ಮಾಡಿಕೊಂಡ. "ನಾನು ಹೇಳಲಿಲ್ವಾ. ಗೇಟು ಇರೋದು ಮುಚ್ಚೋಕೆ, ಓಡೋಕಲ್ಲ."

"ಹಿಂದೆ ಎತ್ತರ ಮಾಡಪ್ಪಾ ಅಂತ ಬಡ್ಕೊಂಡೆ" ಎಂದ ಪಂಡಿತ. "ಕೆಂಪಿನವು ಬಿಚ್ಚಿದ್ದೇ ತಪ್ಪಾಯ್ತು."

ರಾಕೆಟ್ಟು ಕಾರಿನ ಕೆಳಗೆ ತೂರಿದ. ಕ್ಲಾಂಪು ಬಿಗಿಯಾಗಿತ್ತು. ರಬ್ಬರು ಅಲ್ಲೇ ಇತ್ತು. ಎದ್ದು ಬಂದವನ ಮುಖದಲ್ಲಿ ರಕ್ತವಿರಲಿಲ್ಲ. "ಗೊತ್ತಾಗ್ತಾ ಇಲ್ಲ ಭಾವ. ಎಲ್ಲ ಸರಿಯಾಗೇ ಇದೆ. ನನ್ನ ಲೆಕ್ಕವೇ ತಪ್ಪೇನೋ. ಹೋಗ್ಲಿ ಬಿಡಿ, ಮನೆಗೆ ಹೋಗೋಣ."

ಹೋಗೋಣ ಎಂದ. ಮೇಷ್ಟ್ರಿಗೆ ಬೇಕಾಗಿದ್ದ ಮಾತು ಅದೇ. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೆ ಸಾಕು. ನಾಳೆ ಬೆಳಿಗ್ಗೆ ಅವನು ಎಡಗಡೆಯ ಸೀಟಿನಲ್ಲಿ, ತಾವು ಜಗಲಿಯ ಮೇಲೆ. ಕಾಲಿನ ದೋಷವೆಂಬ ಸಿದ್ಧಾಂತಕ್ಕೂ ಕುಂದಿಲ್ಲ. ಯಾರಿಗೂ ಸುಳ್ಳು ಹೇಳುವ ಅಗತ್ಯ ಕೂಡ ಇರಲಿಲ್ಲ. ಎಲ್ಲ ತಾನಾಗಿ ಒದಗಿ ಬಂದಿತ್ತು.

ಅವರು ಸುತ್ತಲೂ ನೋಡಿದರು. ಪಂಡಿತ ತಲೆದೂಗುತ್ತಿದ್ದ. ಎದುರು ಸ್ಕೂಲಿನವನು ಅದಕ್ಕೆ ಹೂಂ ಹೂಂ ಅನ್ನುತ್ತಿದ್ದ. ಯಜಮಾನ ಕುರ್ಚಿ ಮಡಚುತ್ತಿದ್ದ. ತಾವು ಸುಮ್ಮನಿದ್ದರೆ ಈ ಮೂವರ ಸಾಲಿನಲ್ಲಿ ನಾಲ್ಕನೆಯವರಾಗಿ ನಿಲ್ಲಬೇಕು. ಕೆಂಪು ಶಾಕ್ ಅಬ್ಸಾರ್ಬರಿನ ಪಕ್ಷದಲ್ಲಿ. ಮೇಷ್ಟ್ರು ಯಜಮಾನನ ಎದುರಿಗೆ ಬಂದು ನಿಂತರು.

"ಯಜಮಾನ್ರೇ, ಕುರ್ಚಿ ಬಿಡಿಸಿ" ಎಂದರು. "ನಿಮ್ಮ ಕಣ್ಣು ಬರೀ ಪೈಪಿನ ಮೇಲೇ ಇದೆ. ಒಳಗೆ ಒಬ್ಬ ಮುದುಕ ಕೂತಿದ್ನಲ್ಲ, ಅವನ ಕಾಲು ಏನು ಮಾಡ್ತಾ ಇದೆ ಅಂತ ನೋಡ್ಬಾರ್ದಾ?"

"ಏನು ಮಾಡ್ತು?"

"ಕ್ಲಚ್ಚು ಒತ್ತಿತು. ಕಾರು ಹಾರಿದ್ದು ನನ್ನಿಂದ."

ಎದುರು ಸ್ಕೂಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಡ್ರೈವಿಂಗ್ ಮೇಷ್ಟ್ರೇ ಓಟದ ನಡುವೆ ಕ್ಲಚ್ಚು ತುಳಿದರಂತೆ ಎಂಬುದು ಊರಿಗೆ ಮುಟ್ಟಲು ಇನ್ನು ಸಂಜೆ ಆಗಬೇಕಿರಲಿಲ್ಲ.

ರಾಕೆಟ್ಟು ನಗಲಿಲ್ಲ. ಭಾವನನ್ನು ದಿಟ್ಟಿಸಿ ಮೆಲ್ಲಗೆ ಕೇಳಿದ. "ಬೇಕಂತ ಒತ್ತಿದ್ರಾ?"

ಮೇಷ್ಟ್ರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. "ಒತ್ತುವಾಗ ಬೇಕಂತ ಅಲ್ಲ. ಒತ್ತಿದ ಮೇಲೆ ಸುಮ್ಮನೆ ಕೂತಿದ್ದೆನಲ್ಲ, ಅದು ಬೇಕಂತ. ನೀನು ಹೋಗೋದು ನನಗೆ ಬೇಡ ಇತ್ತು. ನನ್ನ ಸೀಟಲ್ಲಿ ಕೂತ್ಕೋತೀಯ ಅಂದ್ಕೊಂಡಿದ್ದೆ."

"ಒಂದು ಸಲನೂ ಹೇಳ್ಲಿಲ್ವಲ್ಲ ಭಾವ."

"ಹೇಳಿದ್ರೆ ಇಲ್ಲ ಅಂತಿದ್ದೆ. ಸ್ಪ್ಯಾನರ್ ತಾ."

ಸ್ಪ್ಯಾನರು ತೆಗೆದುಕೊಂಡು, ಸವೆದ ಮಂಡಿಯನ್ನು ಹೇಗೋ ಮಡಚಿ, ಅವರು ಎಡಗಡೆಯ ಪೆಡಲುಗಳನ್ನು ಸರಳು ಸಮೇತ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟು ಸುಲಭಕ್ಕೆ ಬಿಡಲಿಲ್ಲ. ಇನ್ನೊಂದು ಸಲ ನೋಡಲು ಯಜಮಾನ ಕುರ್ಚಿ ಬಿಡಿಸಿ ಕೂತ, ಜನ ಕಾದರು. ಗೆರೆಗೆ ವಾಪಸು ಬಂದಿದ್ದ ಬಿಳಿ ಕಾರಿನವನು ಗಡಿಯಾರ ನೋಡಿಕೊಂಡ. "ಸ್ವಲ್ಪ ತಾಳಪ್ಪ, ಅಂಟಿಸಿದ ಹುಲಿ ಓಡಿಹೋಗಲ್ಲ" ಎಂದು ಮೇಷ್ಟ್ರು ಅವನ ಗಾಜಿನ ಮೇಲಿನ ಹುಲಿಮುಖ ತೋರಿಸಿದರು. ಬಿಚ್ಚಿದ ಪೆಡಲುಗಳನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆಯ ಅಂಚಿಗೆ ಬಂದು ನಿಂತರು.

ಎರಡನೆಯ ಸಲ ಬಾವುಟ ಬಿತ್ತು. ಕಪ್ಪೆ ಹಾರಲಿಲ್ಲ. ಹಿಂಭಾಗ ಕೂತಿತು, ಟೈರು ನೆಲವನ್ನು ಹಿಡಿದದ್ದು ಬಿಡಲಿಲ್ಲ, ಕಾರು ದಾರ ಎಳೆದ ಹಾಗೆ ಹೋಯಿತು. ಅರ್ಧ ದಾರಿ ಬಿಳಿ ಕಾರಿನ ಮೂತಿ ಇದರ ಬಾಲದ ಹಿಂದೇ ಇತ್ತು. ಆಮೇಲೆ ಹಳೆಯ ಎಂಜಿನ್ನಿಗೆ ಉಸಿರು ಸಾಲದೆ ಬಿಳಿಯದು ದಾಟಿತು. ಅದನ್ನು ಯಜಮಾನ ನೋಡಲೇ ಇಲ್ಲ. ಕಾರು ವಾಪಸು ಬಂದಾಗ ಮೊಣಕಾಲೂರಿ ರಬ್ಬರಿಗೂ ಪಾಟಾಕ್ಕೂ ನಡುವೆ ಬೆರಳು ತೂರಿಸಿ ನೋಡಿದ.

"ಈ ಹಸಿರು ಬಣ್ಣ ಕೆರೆದು ಹಾಕು, ನೋಡೋಕಾಗಲ್ಲ" ಎಂದ. ಆಮೇಲೆ, "ನಾಳೆ ಬೆಳಿಗ್ಗೆ ಬಾ."

ರಾಕೆಟ್ಟಿನ ಮುಖ ಅರಳಿ, ಹಾಗೇ ಮುದುಡಿತು. ಭಾವನ ಕಡೆ ತಿರುಗಿದ. "ನಾಳೆ ಬೆಳಿಗ್ಗೆ ಟೈಲರಮ್ಮ ಬರ್ತಾರೆ. ಪೆಡಲು ಹಾಕ್ಬೇಕು. ನಿಮ್ಮ ಮಂಡಿ..."

"ಅದನ್ನ ಈಗ ಯೋಚನೆ ಮಾಡೋನು ನೀನಲ್ಲ."

"ಇವತ್ತು ಸಂಜೆನೇ ಪೆಡಲು ಹಾಕಿಕೊಡು" ಎಂದಳು ಜನರ ನಡುವಿನಿಂದ ಬಂದ ಅಕ್ಕ. ಬಂದದ್ದು ಇಬ್ಬರಿಗೂ ಗೊತ್ತಿರಲಿಲ್ಲ. "ನಾಳೆಯಿಂದ ಆ ಸೀಟಲ್ಲಿ ನಾನು ಕೂತ್ಕೋತೀನಿ."

"ನಿನಗೆ ಕೋಪ ಬರಲ್ಲ" ಎಂದರು ಮೇಷ್ಟ್ರು, ಅಭ್ಯಾಸಕ್ಕೆ.

"ಇವತ್ತು ಬಂದಿದೆ. ನೋಡ್ತೀರಾ?"

ಮೇಷ್ಟ್ರು ನೋಡಲು ಬಯಸಲಿಲ್ಲ. ಮುಂದಿನ ಎಡಗಡೆಯ ಬಾಗಿಲಿಗೆ ಕೈ ಹಾಕಿದರು. ಅಷ್ಟರಲ್ಲಿ ಅವಳು ಆ ಸೀಟಿನಲ್ಲಿ ಕೂತಾಗಿತ್ತು. ಬೇರೆ ದಾರಿ ಇರಲಿಲ್ಲ. ತಮ್ಮದೇ ಕಾರಿನ ಹಿಂದಿನ ಸೀಟಿಗೆ, ಸರದಿ ಕಾಯುವ ಕಲಿಯುವವರು ಕೂರುವ ಜಾಗಕ್ಕೆ, ಮೇಷ್ಟ್ರು ಮೊದಲ ಸಲ ಹತ್ತಿದರು. ಕೂತವರು ಹಾಗೇ ಎದ್ದರು. ಸೀಟಿನೊಳಗಿಂದ ಮುರಿದ ತಂತಿಯೊಂದು ನೆಟ್ಟಗೆ ಮೇಲಕ್ಕೆ ಚುಚ್ಚುತ್ತಿತ್ತು.

"ಇಲ್ಲಿ ಚುಚ್ತದಲ್ಲೇ. ಇಷ್ಟು ವರ್ಷದಿಂದ ಒಬ್ಬರೂ ಹೇಳ್ಲಿಲ್ವಲ್ಲ."

"ಎಲ್ಲರೂ ಹೇಳಿದ್ರು" ಎಂದಳು ಹೆಂಡತಿ, ಕನ್ನಡಿಯನ್ನು ತನಗೆ ಕಾಣುವ ಹಾಗೆ ತಿರುಗಿಸಿಕೊಳ್ಳುತ್ತ. "ಕೂರೋಕೆ ಬರಲ್ಲ ಅಂತ ಬೈದ್ರಿ."

ರಾಕೆಟ್ಟು ನಗು ತಡೆಯಲಾರದೆ ಕಾರು ಹೊರಡಿಸಿದ. ಮೇಷ್ಟ್ರು ಬಿಚ್ಚಿದ ಪೆಡಲುಗಳನ್ನು ಮಡಿಲಲ್ಲಿಟ್ಟುಕೊಂಡು, ಚುಚ್ಚದ ಕಡೆಗೆ ಸರಿದು ಕೂತರು.